ಪೂಲ್ ನೀರು ಪಾಚಿ ಹಸಿರು, ಕ್ಲೋರಿನ್ ಎಷ್ಟು ಹಾಕಿದರೂ ತಿಳಿಯಾಗ್ತಿಲ್ಲ. ಏನು ಮಾಡಲಿ?

ಹೊಂಗೆನೆರಳು:

ಎಲ್ಲರಿಗೂ ನಮಸ್ಕಾರ. ಹಾರೋಹಳ್ಳಿ ಕಡೆ ನಮ್ಮದೊಂದು ಸಣ್ಣ ತೋಟ ಇದೆ. ಮನೆ ಪಕ್ಕದಲ್ಲಿ ಪೂಲ್ ಕಟ್ಟಿಸಿ ಎರಡು ವರ್ಷ ಆಯಿತು. 26 ಅಡಿ ಉದ್ದ, 13 ಅಡಿ ಅಗಲ. ಒಂದು ಕಡೆ ಮೂರೂವರೆ ಅಡಿ ಆಳ, ಇನ್ನೊಂದು ಕಡೆ ಐದಡಿ. ಬೋರ್‌ವೆಲ್ ನೀರು.

ಈ ಸಲ ಮೂರು ವಾರ ನಾವ್ಯಾರೂ ಅತ್ತ ಹೋಗಲಿಲ್ಲ. ಹೋಗಿ ನೋಡಿದರೆ ನೀರು ಕೊತ್ತಂಬರಿ ಚಟ್ನಿ ಮಾಡಿದ ಮಿಕ್ಸಿ ತೊಳೆದ ಹಾಗಿದೆ. ಮೊದಲನೇ ಮೆಟ್ಟಿಲೇ ಕಾಣುತ್ತಿಲ್ಲ. ಮೇಲೆ ಹೊಂಗೆ ಹೂವು ಚಾಪೆ ಹಾಸಿದ ಹಾಗೆ ಬಿದ್ದಿದೆ, ನಡುವೆ ಒಂದೆರಡು ಮಳೆಯೂ ಬಂದು ಹೋಗಿದೆ.

ಮೂರು ದಿನದಲ್ಲಿ ಎರಡು ಕೆಜಿ ಬ್ಲೀಚಿಂಗ್ ಪೌಡರ್ ಹಾಕಿಸಿದೆ. ಕ್ಲೋರಿನ್ ಮಾತ್ರೆ ಯಾವಾಗಲೂ ತೇಲುವ ಡಬ್ಬಿಯಲ್ಲಿ ಇದ್ದೇ ಇರುತ್ತದೆ. ಹಳದಿ ಬಣ್ಣ ಬರುವ ಕಿಟ್‌ನಲ್ಲಿ ನೋಡಿದರೆ ಕ್ಲೋರಿನ್ ಇದೆ ಅಂತಾನೇ ತೋರಿಸುತ್ತೆ. ಪಂಪೂ ಓಡ್ತಾ ಇದೆ. ಆದರೂ ಹಸಿರು ಹಾಗೇ ಇದೆ, ಅದರ ಮೇಲೆ ಈಗ ಸುಣ್ಣ ಕಲಸಿದ ಹಾಗೆ ಮಬ್ಬು ಬೇರೆ. ಮುಂದಿನ ವಾರ ತಂಗಿ ಮಕ್ಕಳು ರಜಕ್ಕೆ ಬರುತ್ತಿದ್ದಾರೆ. ಅಂಗಡಿಯವರು ಪಾಚಿ ಕೊಲ್ಲುವ ಆಲ್ಜಿಸೈಡ್ ಐದು ಲೀಟರ್ ಕ್ಯಾನ್ ತಗೊಳ್ಳಿ ಅಂತಾರೆ. ತಗೊಳ್ಳಲಾ? ಇಲ್ಲ ಪೂರ್ತಿ ಖಾಲಿ ಮಾಡಿ ಹೊಸ ನೀರು ತುಂಬಿಸಿಬಿಡಲಾ?

ಅಡಿಕೆಪಟ್ಟೆ:

ಅಕ್ಕ, ನಮ್ಮ ಹೋಂಸ್ಟೇ ಪೂಲಿಗೆ ನಾವು ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕ್ತೀವಿ. ಹೇಗಿದ್ದರೂ ತೋಟದ ಔಷಧಿಗೆ ಅಂತ ಮನೆಯಲ್ಲಿ ಇರುತ್ತಲ್ಲ. ಒಂದು ಹಿಡಿ ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟರೆ ಪಾಚಿ ಹೇಳಹೆಸರಿಲ್ಲದ ಹಾಗೆ ಹೋಗುತ್ತೆ. ಖರ್ಚೂ ಇಲ್ಲ.

ಬ್ಯಾಕ್‌ವಾಶ್ ಮಾಸ್ಟ್ರು:

ಸ್ವಾಮಿ, ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಹಾಕಿ ಅಡಿಕೆ ಗೊನೆಗೆ ಹೊಡೆಯಿರಿ, ಕೊಳೆರೋಗಕ್ಕೆ ಅದಕ್ಕಿಂತ ಹಳೇ ಮದ್ದಿಲ್ಲ, ಒಪ್ಪಿದೆ. ಪೂಲಿಗೆ ಬೇಡ. ತಾಮ್ರ ಪಾಚಿಯನ್ನು ಕೊಲ್ಲುವುದು ನಿಜ. ಆದರೆ ಕೊಂದ ಮೇಲೆ ಅದು ನೀರಲ್ಲೇ ಉಳಿಯುತ್ತದೆ. ಗಡಸು ನೀರಲ್ಲಿ, ಅದರಲ್ಲೂ ಪಿಎಚ್ ಏರಿದ ನೀರಲ್ಲಿ, ಟೈಲ್ಸ್ ಸಂದಿಗೆಲ್ಲ ನೀಲಿ ಹಸಿರು ಕಲೆಯಾಗಿ ಕೂರುತ್ತದೆ. ಪೂಲಲ್ಲಿ ಈಜಿದವರ ಬಿಳಿ ಕೂದಲು ಹಸಿರಾಗುತ್ತದಲ್ಲ, ಜನ ಕ್ಲೋರಿನ್ ಅಂತ ಬೈಯುತ್ತಾರೆ. ಅದು ತಾಮ್ರದ ಕೆಲಸ. ಅಂಗಡಿಯವರ ಆಲ್ಜಿಸೈಡಲ್ಲೂ ಎಷ್ಟೋ ಸಲ ಇದೇ ತಾಮ್ರ ಇರುತ್ತದೆ, ಲೇಬಲ್ ಓದಿ.

ಮೇಡಂ, ನಾನು ಬೆಂಗಳೂರಿನ ಅಪಾರ್ಟ್‌ಮೆಂಟ್ ಪೂಲ್‌ಗಳ ಕೆಲಸ 14 ವರ್ಷದಿಂದ ಮಾಡುತ್ತಿದ್ದೇನೆ. ಏನೂ ಕೊಳ್ಳಬೇಡಿ ಇನ್ನೂ. ಮೊದಲು ಇಷ್ಟು ಹೇಳಿ. ಆ ಮಾತ್ರೆ ಯಾವುದು, ಡಬ್ಬದ ಮೇಲೆ ಟಿಸಿಸಿಎ 90 ಅಂತ ಇದೆಯಾ? ಎರಡು ವರ್ಷದಲ್ಲಿ ಪೂಲ್ ನೀರು ಯಾವತ್ತಾದರೂ ಬದಲಾಯಿಸಿದ್ದೀರಾ? ಫಿಲ್ಟರ್ ಮೇಲಿನ ಪ್ರೆಶರ್ ಗೇಜಿನ ಮುಳ್ಳು ಎಷ್ಟು ತೋರಿಸುತ್ತಿದೆ? ಅದರ ಪಕ್ಕದ ದೊಡ್ಡ ಹಿಡಿಕೆ ಯಾವ ಅಕ್ಷರದ ಕಡೆ ನಿಂತಿದೆ? ಪಿಎಚ್ ಎಷ್ಟು?

ಇನ್ನೊಂದು ಕೆಲಸ. ಬಿಳಿ ಬಕೆಟ್‌ನಲ್ಲಿ ಪೂಲ್ ನೀರು ತುಂಬಿ ಅರ್ಧ ಲೋಟ ಬಟ್ಟೆಗೆ ಹಾಕುವ ಲಿಕ್ವಿಡ್ ಬ್ಲೀಚ್ ಸುರಿದು ನೆರಳಲ್ಲಿಡಿ. ಎರಡು ಮೂರು ಗಂಟೆಯಲ್ಲಿ ಹಸಿರು ಬಿಟ್ಟರೆ ಪಾಚಿ. ಬಿಡದೆ ಕಂದು ತಿರುಗಿದರೆ ಬೋರ್ ನೀರಲ್ಲಿ ಕಬ್ಬಿಣ ಇದೆ, ಆಗ ದಾರಿಯೇ ಬೇರೆ.

ಮತ್ತೆ ಒಂದು ಮಾತು, ಹೆದರಿಸಲು ಅಲ್ಲ. ಬ್ಲೀಚಿಂಗ್ ಪೌಡರ್ ಮತ್ತು ಆ ಮಾತ್ರೆ ಒಂದೇ ಮಗ್ಗಲ್ಲಿ, ಒಂದೇ ಡಬ್ಬಿಯಲ್ಲಿ ಅಪ್ಪಿತಪ್ಪಿಯೂ ಸೇರಬಾರದು. ಹತ್ತಿಕೊಂಡು ಉರಿಯುತ್ತದೆ, ಸಿಡಿಯುವುದೂ ಉಂಟು. ಪೌಡರ್ ಹಾಕಿದ ಮಗ್ಗನ್ನೇ ಮಾತ್ರೆಗೂ ಬಳಸುತ್ತಿದ್ದರೆ ಇವತ್ತೇ ನಿಲ್ಲಿಸಿ.

ಹೊಂಗೆನೆರಳು:

ಅಯ್ಯೋ, ಎರಡೂ ಒಂದೇ ಕಪಾಟಲ್ಲಿವೆ. ಈಗಲೇ ಬೇರೆ ಮಾಡಿಸುತ್ತೇನೆ.

ಮಾತ್ರೆ ಟಿಸಿಸಿಎ 90, 200 ಗ್ರಾಮಿಂದು. ವಾರಕ್ಕೆ ಎರಡು ಹಾಕುತ್ತಾರೆ. ನೀರು ಬದಲಾಯಿಸಿಲ್ಲ, ಆವಿಯಾಗಿ ಇಳಿದಷ್ಟು ತುಂಬಿಸುತ್ತೇವೆ ಅಷ್ಟೆ. ಪಿಎಚ್ ಕಿಟ್‌ನ ಕಡೇ ಬಣ್ಣ, 8.2. ಬಕೆಟ್ ನೀರು ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಬಿಳಿಚಿಕೊಂಡಿತ್ತು, ಕಂದು ಬರಲಿಲ್ಲ.

ಮುಳ್ಳು ಸೊನ್ನೆಯಲ್ಲಿದೆ, ಪಂಪ್ ಓಡುವಾಗಲೂ. ಹಿಡಿಕೆ "ರೀಸರ್ಕ್ಯುಲೇಟ್" ಅಂತ ಬರೆದಿರುವ ಕಡೆ ಇದೆ. ತೋಟ ನೋಡಿಕೊಳ್ಳುವವರನ್ನು ಕೇಳಿದರೆ, ಫಿಲ್ಟರ್ ಅಂತ ಇರುವ ಕಡೆ ಇಟ್ಟರೆ ನೀರು ರಭಸವಾಗಿ ಬರುತ್ತಿರಲಿಲ್ಲ, ಇಲ್ಲಿಗೆ ತಿರುಗಿಸಿದರೆ ಚೆನ್ನಾಗಿ ಬಂತು, ಅದಕ್ಕೆ ಬಿಟ್ಟೆ ಅಂದರು.

ಬ್ಯಾಕ್‌ವಾಶ್ ಮಾಸ್ಟ್ರು:

ಸಿಕ್ಕಿತಲ್ಲ ಒಂದು ಕಳ್ಳ! ಅಲ್ಲಿಟ್ಟರೆ ನೀರು ಫಿಲ್ಟರಿನ ಮರಳಿನ ಒಳಗೆ ಹೋಗುವುದೇ ಇಲ್ಲ. ಪೂಲಿಂದ ಬಂದದ್ದು ಹಾಗೇ ಪೂಲಿಗೆ ವಾಪಸ್. ಕರೆಂಟ್ ಬಿಲ್ ಮಾತ್ರ ಸರಿಯಾಗಿ ಬಂದಿರುತ್ತದೆ. ಅವರನ್ನು ಬೈಯಬೇಡಿ. ಮರಳು ಕಟ್ಟಿಕೊಂಡು ನೀರು ನಿಧಾನವಾಗಿದೆ, ಅವರಿಗೆ ತಿಳಿದಂತೆ ಸರಿಮಾಡಿದ್ದಾರೆ. ಬ್ಯಾಕ್‌ವಾಶ್ ಅಂದರೆ ಮರಳಿನೊಳಗೆ ನೀರನ್ನು ಉಲ್ಟಾ ಹರಿಸಿ ಕೊಳೆ ಹೊರಗೆ ಹಾಕುವುದು, ಅದನ್ನು ಪೂಲ್ ಕಟ್ಟಿದವರು ಹೇಳಿಕೊಟ್ಟಿರುವುದಿಲ್ಲ. ಇದು ಹತ್ತರಲ್ಲಿ ಆರು ಮನೆ ಕತೆ.

ಪಂಪ್ ಆಫ್ ಮಾಡಿಯೇ ಹಿಡಿಕೆ ತಿರುಗಿಸಬೇಕು, ಓಡುವಾಗ ತಿರುಗಿಸಿದರೆ ಒಳಗಿನ ಗ್ಯಾಸ್ಕೆಟ್ ಹೋಗುತ್ತದೆ. ಬ್ಯಾಕ್‌ವಾಶ್‌ಗೆ ಇಟ್ಟು ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುವವರೆಗೆ ಓಡಿಸಿ. ಸಾಮಾನ್ಯಕ್ಕೆ ಎರಡು ಮೂರು ನಿಮಿಷ ಸಾಕು, ನಿಮ್ಮದಕ್ಕೆ ಜಾಸ್ತಿ ಬೇಕಾಗಬಹುದು. ಆಮೇಲೆ ರಿನ್ಸ್ ಒಂದು ನಿಮಿಷ. ಆಮೇಲೆ ಫಿಲ್ಟರ್. ಗೇಜ್ ಕೆಟ್ಟಿದ್ದರೆ ಹೊಸದು ಹಾಕಿಸಿ. ತೊಳೆದ ತಕ್ಷಣ ಮುಳ್ಳು ಎಲ್ಲಿದೆ ಅಂತ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಅಲ್ಲಿಂದ 8-10 ಪಿಎಸ್ಐ ಏರಿದರೆ ಮತ್ತೆ ಬ್ಯಾಕ್‌ವಾಶ್.

ಎರಡನೇ ಕಳ್ಳ ಆ ಮಾತ್ರೆ ಅಂತ ನನ್ನ ಅನುಮಾನ. ಅಂಗಡಿಯಲ್ಲಿ ಸಯನ್ಯೂರಿಕ್ ಆಸಿಡ್ ಟೆಸ್ಟ್ ಮಾಡಿಸಿಕೊಂಡು ಬನ್ನಿ.

ಫೀನಿಕ್ಸ್ ಕನ್ನಡಿಗ:

ಮಾಸ್ಟ್ರು ಹೇಳಿದ್ದು ನೂರಕ್ಕೆ ನೂರು. ನಾನಿರುವ ಅರಿಝೋನಾದಲ್ಲಿ ಎಷ್ಟೋ ಮನೆಗಳ ಹಿತ್ತಲಲ್ಲಿ ಪೂಲ್ ಇರುತ್ತೆ, ಇದೇ ತಪ್ಪನ್ನು ನಾನೂ ಮಾಡಿ ಒಂದು ಬೇಸಿಗೆ ಪೂರ್ತಿ ಅಂಗಡಿಗೆ ದುಡ್ಡು ಸುರಿದಿದ್ದೇನೆ.

ಟಿಸಿಸಿಎ ಮಾತ್ರೆ ಕರಗಿದಾಗ ಕ್ಲೋರಿನ್ ಜೊತೆ ಸಯನ್ಯೂರಿಕ್ ಆಸಿಡ್ ಕೂಡ ನೀರಿಗೆ ಬರುತ್ತದೆ. ಸ್ಟೆಬಿಲೈಸರ್ ಅನ್ನೋದು ಇದನ್ನೇ. ಇದು ಕ್ಲೋರಿನ್ನನ್ನು ಹಿಡಿದಿಟ್ಟುಕೊಂಡು ಬಿಸಿಲಿಗೆ ಹಾರಿಹೋಗದ ಹಾಗೆ ಕಾಯುತ್ತದೆ. ಇದು ಇಲ್ಲದಿದ್ದರೆ ಮಧ್ಯಾಹ್ನದ ಬಿಸಿಲಲ್ಲಿ ಒಂದು ಗಂಟೆಯೊಳಗೇ ಅರ್ಧ ಕ್ಲೋರಿನ್ ಮಾಯ. ಹಾಗಾಗಿ ಸ್ವಲ್ಪ ಬೇಕು, 30ರಿಂದ 50 ಪಿಪಿಎಂ (ಲೀಟರ್ ನೀರಿಗೆ ಅಷ್ಟು ಮಿಲಿಗ್ರಾಂ). ಜಾಸ್ತಿಯಾದರೆ ಹಿಡಿದದ್ದನ್ನು ಸುಲಭಕ್ಕೆ ಬಿಡೋದಿಲ್ಲ. ಕಿಟ್‌ನಲ್ಲಿ ಕ್ಲೋರಿನ್ ಕಾಣುತ್ತೆ, ಪಾಚಿಗೆ ಅದರ ಬಿಸಿ ತಟ್ಟೋದೇ ಇಲ್ಲ. ನಿಮ್ಮ ಹಳದಿ ಕಿಟ್ ತೋರಿಸುತ್ತಿರುವುದು ಅದನ್ನೇ.

ಲೆಕ್ಕ ಹಾಕೋಣ. ನಿಮ್ಮ ಪೂಲ್ ಸುಮಾರು 40 ಸಾವಿರ ಲೀಟರ್. ಒಂದು 200 ಗ್ರಾಂ ಮಾತ್ರೆಯಲ್ಲಿ ಹತ್ತಿರ ಹತ್ತಿರ 110 ಗ್ರಾಂ ಸಯನ್ಯೂರಿಕ್ ಇರುತ್ತದೆ. ಅಂದರೆ ಮಾತ್ರೆಗೆ 2.75 ಪಿಪಿಎಂ, ವಾರಕ್ಕೆ ಐದೂವರೆ. ನೀರು ಆವಿಯಾಗುತ್ತೆ, ಇದು ಆವಿಯಾಗಲ್ಲ. ಮಳೆಗೆ ತುಂಬಿ ಹರಿದಾಗ, ಬ್ಯಾಕ್‌ವಾಶ್ ಮಾಡಿದಾಗ ಒಂದಿಷ್ಟು ಹೊರಗೆ ಹೋಗಬೇಕು ಅಷ್ಟೆ. ನೀವು ಬ್ಯಾಕ್‌ವಾಶೂ ಮಾಡಿಲ್ಲ. ಎರಡು ವರ್ಷಕ್ಕೆ ಎಷ್ಟಾಯಿತು ನೋಡಿ.

ಇದರ ಜೊತೆ ಪಿಎಚ್ 8.2. ಪಿಎಚ್ 7.5ರಲ್ಲಿ ಕ್ಲೋರಿನ್‌ನ ಅರ್ಧದಷ್ಟು ಚುರುಕಾದ ರೂಪದಲ್ಲಿರುತ್ತದೆ. 8 ದಾಟಿದರೆ ಕಾಲು ಭಾಗವೂ ಇಲ್ಲ.

ಸುಮ್ನೆ ಓದುಗ:

ಯೂಟ್ಯೂಬಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಸುರಿದು ಒಂದೇ ರಾತ್ರಿಗೆ ತಿಳಿ ಮಾಡೋದು ನೋಡಿದೆ. ಅದಾಗಲ್ವಾ?

ಫೀನಿಕ್ಸ್ ಕನ್ನಡಿಗ:

ಕ್ಲೋರಿನ್ ಇರುವ ಪೂಲಿಗೆ ಪೆರಾಕ್ಸೈಡ್ ಹಾಕಿದರೆ ಎರಡೂ ಒಂದನ್ನೊಂದು ತಿಂದು ಹಾಕುತ್ತವೆ. 2016ರ ರಿಯೋ ಒಲಿಂಪಿಕ್ಸ್ ನೆನಪಿದೆಯಾ? ಡೈವಿಂಗ್ ಪೂಲ್ ರಾತ್ರಿ ಬೆಳಗಾಗುವುದರಲ್ಲಿ ಹಸಿರಾಗಿ ಪ್ರಪಂಚವೇ ನಕ್ಕಿತ್ತು. ಯಾರೋ ಗುತ್ತಿಗೆಯವರು 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಸುರಿದಿದ್ದರು. ಕ್ಲೋರಿನ್ ಕೆಲಸ ನಿಂತು ಪಾಚಿ ಎದ್ದಿತು. ಹಾಗೇ ಹಸಿರಾದ ಪಕ್ಕದ ಪೂಲಿನ ನೀರನ್ನೇ ಪೂರ್ತಿ ಬದಲಾಯಿಸಬೇಕಾಯಿತು. ಒಲಿಂಪಿಕ್ಸ್ ಪೂಲಿಗೇ ಹಾಗಾದರೆ ನಮ್ಮದು ಯಾವ ಲೆಕ್ಕ.

ಹೊಂಗೆನೆರಳು:

ಟೆಸ್ಟ್ ಮಾಡಿಸಿದೆ. ಕೊಳವೆ ತಳದ ಕಪ್ಪು ಚುಕ್ಕಿ ಕಾಣದಾಗುವವರೆಗೆ ನೀರು ಸುರಿಯುವ ಟೆಸ್ಟ್. ಅದರ ಗೆರೆ 100ಕ್ಕೇ ಮುಗಿಯುತ್ತೆ, ನಮ್ಮದು ಅದನ್ನೂ ದಾಟಿತ್ತು. ಅರ್ಧ ಕುಡಿಯುವ ನೀರು ಬೆರೆಸಿ ನೋಡಿದಾಗ 90 ಬಂತು. ಅಂದರೆ 180?

ಬ್ಯಾಕ್‌ವಾಶ್ ಮಾಸ್ಟ್ರು:

ಹೌದು, 180. ಇದನ್ನು ಕರಗಿಸುವ ಮದ್ದು ಅಂಗಡಿಯಲ್ಲಿಲ್ಲ, ನೀರೇ ಬದಲಾಗಬೇಕು.

ಪಾಚಿ ಕೊಲ್ಲಲು ಕ್ಲೋರಿನ್ ಸಯನ್ಯೂರಿಕ್‌ನ ನೂರಕ್ಕೆ 40ರಷ್ಟು ಇರಬೇಕು ಅಂತ ಒಂದು ಲೆಕ್ಕ ಇದೆ. ನಾನು ಅದನ್ನೇ ಹಿಡಿಯುತ್ತೇನೆ. 180 ಇರುವಾಗ 72 ಪಿಪಿಎಂ ಬೇಕು. 10 ಪರ್ಸೆಂಟ್ ಹೈಪೋ ಲಿಕ್ವಿಡ್‌ನಲ್ಲಿ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ದ್ರವರೂಪದ ಕ್ಲೋರಿನ್) ಒಂದೇ ಸಲಕ್ಕೆ 29 ಲೀಟರ್, ಅದೂ ಪಾಚಿ ಸಾಯುವವರೆಗೆ ಇಳಿದಷ್ಟನ್ನು ತುಂಬುತ್ತಿರಬೇಕು. ಮೂರರಲ್ಲಿ ಎರಡು ಪಾಲು ನೀರು ಬದಲಾಯಿಸಿದರೆ 60ಕ್ಕೆ ಇಳಿಯುತ್ತದೆ. ಆಗ 24 ಪಿಪಿಎಂ ಸಾಕು, ಹತ್ತು ಲೀಟರ್ ಒಳಗೆ. ಲೆಕ್ಕ ನಿಮ್ಮ ಕಣ್ಣ ಮುಂದೆ ಇದೆ.

ಹಿಡಿಕೆ ವೇಸ್ಟ್‌ಗೆ ಇಟ್ಟು ತಳದ ಡ್ರೈನಿಂದ ಎಳೆಯಿರಿ. ಪೂರ್ತಿ ಖಾಲಿ ಬೇಡ. ನೀರು ಇಳಿದಾಗ ತಳದ ಎಲೆ, ಹೂವು ಎಲ್ಲ ಬಲೆಯಲ್ಲಿ ತೆಗೆಯಿರಿ. ಅದು ಅಲ್ಲೇ ಕೊಳೆಯುತ್ತಿದ್ದರೆ ಕ್ಲೋರಿನ್ ಪಾಚಿಗೆ ಹೋಗುವ ಮೊದಲು ಅದನ್ನೇ ತಿನ್ನುತ್ತದೆ. ಹೊಸ ನೀರು ತುಂಬಿದ ಮೇಲೆ ಮೊದಲು ಪಿಎಚ್ ಇಳಿಸಿ, 7.2ಕ್ಕೆ. ಕ್ಲೋರಿನ್ ಏರಿಸಿದ ಮೇಲೆ ಪಿಎಚ್ ಕಿಟ್ ಸುಳ್ಳು ಹೇಳುತ್ತೆ, ಅದಕ್ಕೆ ಮೊದಲೇ ಮಾಡಬೇಕು. ಹೈಡ್ರೋಕ್ಲೋರಿಕ್ ಆಸಿಡ್ ಅರ್ಧ ಲೀಟರ್ ಬಕೆಟ್ ನೀರಿಗೆ ಹಾಕಿ (ನೀರಿಗೆ ಆಸಿಡ್, ಆಸಿಡ್‌ಗೆ ನೀರಲ್ಲ), ಪಂಪ್ ಓಡುವಾಗ ನೀರು ಒಳಬರುವ ಬಾಯಿಯ ಹತ್ತಿರ ಸುರಿಯಿರಿ. ಒಂದು ಗಂಟೆ ಬಿಟ್ಟು ನೋಡಿ ಬೇಕಾದರೆ ಇನ್ನರ್ಧ. ಆಸಿಡ್ ಹಾಕಿದ ಬಕೆಟ್‌ಗೆ ಹೈಪೋ ತಾಗಿಸಬೇಡಿ, ವಿಷಗಾಳಿ ಏಳುತ್ತದೆ.

ಹೈಪೋ ಸಂಜೆ ಹಾಕಿ. ಬ್ಲೀಚಿಂಗ್ ಪೌಡರ್ ಇನ್ನು ಮುಟ್ಟಬೇಡಿ, ಬೋರ್ ನೀರೇ ಗಡಸು, ಅದರ ಮೇಲೆ ಪೌಡರ್‌ನ ಸುಣ್ಣ ಸೇರಿಯೇ ನಿಮಗೆ ಆ ಬಿಳಿ ಮಬ್ಬು ಬಂದಿರುವುದು. ಹೈಪೋ ಹೊಸ ಸ್ಟಾಕ್ ಕೇಳಿ ತನ್ನಿ, ಬಿಸಿಲಲ್ಲಿ ನಿಂತ ಕ್ಯಾನಿನಲ್ಲಿ ಅರ್ಧ ಸತ್ವ ಇರಲ್ಲ. ದಿನಕ್ಕೆರಡು ಸಲ ಗೋಡೆ ಉಜ್ಜಿ. ಏಣಿ ಹಿಂದೆ, ಲೈಟಿನ ಸುತ್ತ, ಮೆಟ್ಟಿಲ ಮೂಲೆ ಬಿಡಬೇಡಿ, ಪಾಚಿ ಅವಿತುಕೊಳ್ಳುವುದೇ ಅಲ್ಲಿ. ಪಂಪ್ ಹಗಲೂ ರಾತ್ರಿ ಓಡಲಿ.

ತಳ ಕಾಣದ ನೀರಿಗೆ ಮಕ್ಕಳನ್ನು ಇಳಿಸಬೇಡಿ. ಯಾರಾದರೂ ಮುಳುಗಿದರೂ ಮೇಲೆ ನಿಂತವರಿಗೆ ಗೊತ್ತಾಗಲ್ಲ. ಪಾಚಿಗಿಂತ ನನಗೆ ಅದೇ ಭಯ.

ಮಳೆನೀರು:

ಮೇ ತಿಂಗಳಲ್ಲಿ 27 ಸಾವಿರ ಲೀಟರ್ ಚೆಲ್ಲುವ ಮಾತಾಡ್ತಿದ್ದೀರಲ್ಲ, ಹೊಟ್ಟೆ ಉರಿಯುತ್ತೆ. 2024ರ ಮಾರ್ಚಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು ಅಂತ ಆದೇಶ ಮಾಡಿ 5,000 ರೂಪಾಯಿ ದಂಡ ಇಟ್ಟಿದ್ದು ಮರೆತುಹೋಯ್ತಾ? ಅದೇ ಬರಗಾಲದಲ್ಲಿ ನಮ್ಮ ಬೀದಿಯ ಬೋರ್ ಬತ್ತಿ ಹೋಗಿತ್ತು.

ಬ್ಯಾಕ್‌ವಾಶ್ ಮಾಸ್ಟ್ರು:

ಸಿಟ್ಟು ನ್ಯಾಯವಾದದ್ದೇ. ಚೆಲ್ಲಬೇಕಾಗಿಲ್ಲ. ಮಾತ್ರೆ ಡಬ್ಬಿ ತೆಗೆದುಬಿಟ್ಟು ಕ್ಲೋರಿನ್ ಸೊನ್ನೆಗೆ ಇಳಿಯುವವರೆಗೆ ಕಾಯಿರಿ, ಆಮೇಲೆ ಪೈಪ್ ಹಾಕಿ ತೆಂಗಿನ ಪಾತಿಗಳಿಗೆ ಹಂಚಿ ಬಿಡಿ. ಒಂದೇ ಮರದ ಬುಡಕ್ಕೆ ಬೇಡ. ತೆಂಗು ಸ್ವಲ್ಪ ಉಪ್ಪು ತಡೆಯುತ್ತದೆ, ಸೊಪ್ಪು ತರಕಾರಿ ಮಡಿಗೆ ಮಾತ್ರ ಬೇಡ.

ಅಡಿಕೆಪಟ್ಟೆ:

ಮೈಲುತುತ್ತದ ಮಾತು ವಾಪಸ್ ತಗೊಂಡೆ. ನಮ್ಮ ಪೂಲಿನ ಮೂಲೆಯಲ್ಲಿ ಒಂದು ನೀಲಿ ಕಲೆ ಇದೆ, ಮೂರು ವರ್ಷದಿಂದ ಉಜ್ಜುತ್ತಿದ್ದೇವೆ. ಈಗ ಗೊತ್ತಾಯ್ತು ಯಾರ ಕೆಲಸ ಅಂತ.

ಪೂರ್ತಿ ಖಾಲಿ ಮಾಡಬೇಡಿ ಅಂದಿದ್ದಕ್ಕೆ ನಾನೂ ದನಿಗೂಡಿಸುತ್ತೇನೆ. ನಮ್ಮ ಕಡೆ ಒಬ್ಬರು ಜುಲೈ ಮಳೆಯಲ್ಲಿ ತೊಳೆಯೋಣ ಅಂತ ಖಾಲಿ ಮಾಡಿದರು. ನೆಲದೊಳಗಿನ ನೀರು ಕೆಳಗಿಂದ ಒತ್ತಿ ತಳವೇ ಮೇಲೆದ್ದು ಟೈಲ್ಸ್ ಸೀಳಿ ಬಂತು. ಖಾಲಿ ಪೂಲ್ ಅಂದರೆ ದೋಣಿ ಇದ್ದ ಹಾಗೆ.

ಹೊಂಗೆನೆರಳು:

ವರದಿ ಒಪ್ಪಿಸುತ್ತೇನೆ. ಬ್ಯಾಕ್‌ವಾಶ್ ಮಾಡಿದಾಗ ಮೊದಲ ಐದು ನಿಮಿಷ ಬೂದಿ ಕಲಸಿದಂಥ ನೀರು ಬಂತು, ನಿಲ್ಲುವುದೇ ಇಲ್ಲವೇನೋ ಅನ್ನಿಸಿತು. ಹೊಸ ಗೇಜ್ ಹಾಕಿಸಿ ಗೆರೆ ಎಳೆದೆವು. ನೀರನ್ನು ಮಾಸ್ಟ್ರು ಹೇಳಿದ ಹಾಗೆ ತೆಂಗಿಗೆ ಬಿಟ್ಟೆವು. ಆಳ ಕಡಿಮೆ ಇರುವ ಕಡೆ ಒಂದು ಗೇಣು ನೀರು ಉಳಿದಾಗ ನಿಲ್ಲಿಸಿದೆವು. ತಳದಲ್ಲಿ ಮೂರು ಬುಟ್ಟಿ ಕೊಳೆತ ಎಲೆ, ಒಂದು ಚಪ್ಪಲಿ, ಎರಡು ಸತ್ತ ಕಪ್ಪೆ. ಚಪ್ಪಲಿ ಯಾರದು ಅಂತ ಯಾರೂ ಒಪ್ಪಿಕೊಳ್ಳುತ್ತಿಲ್ಲ.

ತುಂಬಿದ ಮೇಲೆ ಸಯನ್ಯೂರಿಕ್ 60ರ ಹತ್ತಿರ ಬಂತು. ಆಸಿಡ್ ಮೂರು ಸಲ ಹಾಕಬೇಕಾಯಿತು. ಸಂಜೆ ಹೈಪೋ ಹತ್ತು ಲೀಟರ್. ಅಂಗಡಿಯಲ್ಲಿ ಹೊಸ ಕಿಟ್ ತಂದಿದ್ದೆ, ಗುಲಾಬಿ ಬಣ್ಣ ಬರುವ ಡಿಪಿಡಿ. ಬೆರೆಸಿ ಟೆಸ್ಟ್ ಮಾಡಿದರೆ ಬಣ್ಣವೇ ಬರಲಿಲ್ಲ, ಗಾಬರಿಯಾಯಿತು. ಕ್ಲೋರಿನ್ ಅತಿಯಾದರೆ ಆ ಬಣ್ಣವನ್ನೇ ಬಿಳಿಚಿಸಿಬಿಡುತ್ತದೆ, ಒಂದು ಪಾಲು ಪೂಲ್ ನೀರಿಗೆ ನಾಲ್ಕು ಪಾಲು ಬಾಟಲಿ ನೀರು ಸೇರಿಸಿ ಬಂದದ್ದನ್ನು ಐದರಿಂದ ಗುಣಿಸಿ ಅಂತ ಅಂಗಡಿ ಹುಡುಗ ಹೇಳಿಕೊಟ್ಟ. 

ಮೊದಲ ರಾತ್ರಿ 24 ಇದ್ದದ್ದು ಬೆಳಿಗ್ಗೆ 10ಕ್ಕೆ ಇಳಿದಿತ್ತು. ಮತ್ತೆ ಐದೂವರೆ ಲೀಟರ್ ಹಾಕಿದೆವು. ಎರಡನೇ ದಿನ ಹಸಿರು ಹೋಗಿ ಅಕ್ಕಚ್ಚಿನ ಬಣ್ಣಕ್ಕೆ ಬಂತು. ನಮ್ಮವರು, ಇದಕ್ಕಿಂತ ಹಸಿರೇ ಚೆನ್ನಾಗಿತ್ತಲ್ಲೇ ಅಂದರು. ರಾತ್ರಿ ಎರಡು ಗಂಟೆ ಕರೆಂಟೂ ಇರಲಿಲ್ಲ.

ಇವತ್ತು ನಾಲ್ಕನೇ ದಿನ. ಎರಡನೇ ಮೆಟ್ಟಿಲು ಕಾಣುತ್ತಿದೆ. ಪಟಿಕ ಹಾಕಿ ಬೇಗ ತಿಳಿ ಮಾಡಲಾ?

ಬ್ಯಾಕ್‌ವಾಶ್ ಮಾಸ್ಟ್ರು:

ಬಣ್ಣ ಬಿಳಿಯಾಯಿತು ಅಂದರೆ ಪಾಚಿ ಸತ್ತಿದೆ, ಹೆಣ ತೇಲುತ್ತಿದೆ. ಅದನ್ನು ಮರಳೇ ಹಿಡಿಯಬೇಕು. ಪಟಿಕ ಹಾಕಬಹುದು, ಹಾಕಿದರೆ ಪಂಪ್ ನಿಲ್ಲಿಸಿ ರಾತ್ರಿ ಪೂರ್ತಿ ಕೂರಲು ಬಿಟ್ಟು ಬೆಳಿಗ್ಗೆ ತಳದ್ದನ್ನು ವೇಸ್ಟ್‌ಗೆ ಎಳೆಯಬೇಕು. ಫಿಲ್ಟರ್‌ಗೆ ಹೋದರೆ ಮರಳು ಅಂಟು ಉಂಡೆಯಾಗುತ್ತದೆ. ಮತ್ತೆ ಎರಡು ಮೂರು ಸಾವಿರ ಲೀಟರ್ ಹೋಗುತ್ತದೆ, "ಮಳೆನೀರು" ಅವರು ನನ್ನನ್ನು ಬಿಡಲ್ಲ. ಇನ್ನೆರಡು ದಿನ ಕಾಯಿರಿ.

ಮುಗಿಯಿತೋ ಇಲ್ಲವೋ ನೋಡಲು ಒಂದು ಉಪಾಯ. ಕತ್ತಲಾದ ಮೇಲೆ ಕ್ಲೋರಿನ್ ಅಳೆಯಿರಿ, ಸೂರ್ಯ ಹುಟ್ಟುವ ಮೊದಲು ಮತ್ತೆ ಅಳೆಯಿರಿ. ರಾತ್ರಿ ಬಿಸಿಲಿಲ್ಲ. ಆದರೂ ಇಳಿದಿದ್ದರೆ ಯಾರೋ ಇನ್ನೂ ತಿನ್ನುತ್ತಿದ್ದಾರೆ ಅಂತ ಅರ್ಥ.

ಹೊಂಗೆನೆರಳು:

ಆರನೇ ದಿನ. ರಾತ್ರಿ ಕಂಡ ಗುಲಾಬಿ ಬಣ್ಣವೇ ಬೆಳಿಗ್ಗೆಯೂ ಬಂತು. ತಳದ ಡ್ರೈನಿನ ಜಾಲರಿ ಕಿಂಡಿಗಳನ್ನು ಮೇಲೆ ನಿಂತೇ ಎಣಿಸಬಹುದು. ಕ್ಲೋರಿನ್ 5ರ ಆಸುಪಾಸಿಗೆ ಇಳಿದ ಮೇಲೆ ಮಕ್ಕಳನ್ನು ಬಿಡೋದು ಅಂತ ಕೂರಿಸಿದ್ದೇವೆ. ಗಂಟೆಗೊಂದು ಸಲ "ದೊಡ್ಡಮ್ಮ, ಇಳೀತಾ?" ಅಂತ ಕೇಳ್ತಾವೆ.

ತೋಟ ನೋಡಿಕೊಳ್ಳುವವರು ಈಗ ನನಗೇ ಬ್ಯಾಕ್‌ವಾಶ್ ಪಾಠ ಹೇಳುತ್ತಿದ್ದಾರೆ. ಕಡೇ ಪ್ರಶ್ನೆ: ಅರ್ಧ ಡಬ್ಬ ಮಾತ್ರೆ ಉಳಿದಿದೆ, ಎಸೆಯಲಾ?

ಬ್ಯಾಕ್‌ವಾಶ್ ಮಾಸ್ಟ್ರು:

ಎಸೆಯಬೇಡಿ. ನೀವು ಇರುವಾಗ ದಿನಾ ಸಂಜೆ ಹೈಪೋ ಅರ್ಧ ಲೀಟರ್‌ನಿಂದ ಮುಕ್ಕಾಲು ಲೀಟರ್, ಅಳೆದು ನೋಡಿ ಹಾಕಿ. ವಾರಗಟ್ಟಲೆ ಬರದೆ ಇರುವಾಗ ಮಾತ್ರ ಮಾತ್ರೆ. ಮೂರು ತಿಂಗಳಿಗೊಮ್ಮೆ ಆ ಕಪ್ಪು ಚುಕ್ಕಿ ಟೆಸ್ಟ್ ಮಾಡಿಸಿ. ಮಾತ್ರೆ ಡಬ್ಬ ಒಂದು ಕೋಣೆ, ಉಳಿದ ಬ್ಲೀಚಿಂಗ್ ಪೌಡರ್ ಇನ್ನೊಂದು ಕೋಣೆ. ಒಂದೇ ಕಪಾಟಿಗೆ ವಾಪಸ್ ಹೋಗದಂತೆ ನೋಡಿಕೊಳ್ಳಿ.